ಎಸ್‌ಕ್ಯೂಲೈಟ್ ನಿಧಾನವಾಯ್ತಾ? ಮೊದಲು ಅದು ಏನು ಮಾಡ್ತಿದೆ ನೋಡಿ

ಪ್ರಶ್ನೆ: ಸರ್, ನಮ್ಮೂರಿನ ಹಾಲಿನ ಡೇರಿಗೆ ನಾನೇ ಪೈಥಾನ್‌ನಲ್ಲಿ ಒಂದು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್. ಸುಮಾರು 200 ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಆರು ವರ್ಷದ ಲೆಕ್ಕ ಒಂದೇ ಫೈಲ್‌ನಲ್ಲಿದೆ. ಮೊದಮೊದಲು ಚೆನ್ನಾಗಿತ್ತು. ಈಗ ಹದಿನೈದು ದಿನದ ಬಿಲ್ಲು ತೆಗೆಯೋಕೆ ಮೂರು ನಿಮಿಷ ಬೇಕು. ಫೋಲ್ಡರ್ ಶೇರ್ ಮಾಡಿ ಕಾರ್ಯದರ್ಶಿಯವರ ಲ್ಯಾಪ್‌ಟಾಪ್‌ನಿಂದ ತೆಗೆದರೆ ಮುಗಿಯೋದೇ ಇಲ್ಲ. ಬಿಲ್ಲು ಓಡುವಾಗ ಕೌಂಟರ್‌ನಲ್ಲಿ ಹಾಲು ಎಂಟ್ರಿ ಮಾಡಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಡೇಟಾಬೇಸ್ ಈಸ್ ಲಾಕ್ಡ್’ ಅಂತ ಬರುತ್ತೆ. ಕೆಲವು ಸದಸ್ಯರ ಹೆಸರು ಪಟ್ಟಿಯಲ್ಲಿ ಕಣ್ಣೆದುರೇ ಇದ್ದರೂ ಹುಡುಕಿದರೆ ಸಿಗಲ್ಲ. ವ್ಯಾಕ್ಯೂಮ್ ಮಾಡು, ಸಿಂಕ್ರೊನಸ್ ಆಫ್ ಮಾಡು, ಪಕ್ಕದಲ್ಲಿ ಕಾಣೋ ಜರ್ನಲ್ ಫೈಲ್ ಡಿಲೀಟ್ ಮಾಡು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಪೋಸ್ಟ್‌ಗ್ರೆಸ್‌ಗೆ ಹೋಗೋದೇ ವಾಸಿನಾ? ನನ್ನ ಕೋಡ್ ಜೊತೆಗಿಟ್ಟಿದ್ದೇನೆ.

ಉತ್ತರ: ಜರ್ನಲ್ ಫೈಲ್ ಮುಟ್ಟಬೇಡಿ. ಮಿಕ್ಕಿದ್ದೆಲ್ಲ ನಿಧಾನಕ್ಕೆ ನೋಡೋಣ, ಇದೊಂದು ಮಾತ್ರ ಈಗಲೇ.

ಎಸ್‌ಕ್ಯೂಲೈಟ್ ಏನನ್ನಾದರೂ ಬದಲಿಸುವ ಮೊದಲು ಹಳೆಯ ಪುಟಗಳನ್ನು (ಡೇಟಾಬೇಸ್ ಫೈಲ್‌ನ ತುಂಡುಗಳನ್ನು) ಆ ಜರ್ನಲ್ ಫೈಲ್‌ಗೆ ಬರೆದಿಡುತ್ತದೆ. ಅರ್ಧ ಬರೆಯುವಾಗ ಕರೆಂಟ್ ಹೋಯ್ತು ಅಂದುಕೊಳ್ಳಿ. ಮುಂದಿನ ಸಲ ತೆರೆದಾಗ ಆ ಫೈಲ್ ನೋಡಿಕೊಂಡೇ ಹಳೆಯ ಸ್ಥಿತಿಗೆ ವಾಪಸ್ ಹೋಗುತ್ತದೆ. ನೀವು ಅದನ್ನು ಅಳಿಸಿದರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿದು ಡೇಟಾಬೇಸೇ ಕೆಡುತ್ತದೆ. ಲಾಕ್ ಅಂತೂ ಹೀಗೆ ಹೋಗುವುದಿಲ್ಲ, ಯಾಕೆಂದರೆ ಲಾಕ್ ಇರುವುದು ಆ ಫೈಲ್‌ನಲ್ಲಲ್ಲ. ಅದನ್ನು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡಿರುತ್ತದೆ.

ಸಿಂಕ್ರೊನಸ್ ಆಫ್ ಕೂಡ ಬೇಡ. ಬರೆದದ್ದು ನಿಜವಾಗಿ ಡಿಸ್ಕ್‌ಗೆ ಹೋಯ್ತಾ ಅಂತ ಕಾಯಬೇಡ ಅಂತ ಹೇಳುವ ಸೆಟ್ಟಿಂಗ್ ಅದು. ಪ್ರೋಗ್ರಾಮ್ ಕ್ರ್ಯಾಶ್ ಆದರೆ ತೊಂದರೆಯಿಲ್ಲ, ಕರೆಂಟ್ ಹೋದರೆ ಫೈಲ್ ಕೆಡಬಹುದು. ಹಳ್ಳಿಯ ಡೇರಿಯಲ್ಲಿ ಕೂತು ಕರೆಂಟ್ ಹೋಗಲ್ಲ ಅಂತ ನಂಬಿಕೊಳ್ಳೋಕಾಗುತ್ತಾ? ಅಲ್ಲದೆ ನಿಮ್ಮ ನಿಧಾನಕ್ಕೆ ಬರವಣಿಗೆ ಕಾರಣವೇ ಅಲ್ಲ.

ಇನ್ನು ಪೋಸ್ಟ್‌ಗ್ರೆಸ್, ಅಂದರೆ ಬೇರೆಯಾಗಿ ಸರ್ವರ್ ಓಡಿಸಬೇಕಾದ ಡೇಟಾಬೇಸ್. 200 ಸದಸ್ಯರು, ದಿನಕ್ಕೆ ಎರಡು ಸಲ, ಆರು ವರ್ಷ: ಸುಮಾರು 8.75 ಲಕ್ಷ ಸಾಲು. ಎಸ್‌ಕ್ಯೂಲೈಟ್‌ಗೆ ಇದು ಲೆಕ್ಕಕ್ಕೇ ಇಲ್ಲ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನ್‌ನಲ್ಲೂ ಹಲವು ಆ್ಯಪ್‌ಗಳ ಹಿಂದೆ ಇದೇ ಎಸ್‌ಕ್ಯೂಲೈಟ್ ಕೂತಿದೆ. ಈಗಿನ ಕ್ವೆರಿಯನ್ನೇ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಬೇಕಾದ ಸಾಲು ಎಲ್ಲಿದೆ ಅಂತ ತೋರಿಸುವ ಪಟ್ಟಿ) ಇಲ್ಲದೆ ಪೋಸ್ಟ್‌ಗ್ರೆಸ್‌ಗೆ ಹಾಕಿದರೆ ಅಲ್ಲೂ ಒದ್ದಾಡುತ್ತದೆ. ಜೊತೆಗೆ ಕರೆಂಟ್ ಬಂದಾಗಲೆಲ್ಲ ಸರ್ವರ್ ಎದ್ದಿದೆಯಾ ಅಂತ ನೋಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ.

ಹಾಗಾದರೆ ಮೂರು ನಿಮಿಷ ಎಲ್ಲಿ ಹೋಗ್ತಿದೆ? ಊಹೆ ಮಾಡೋದು ಬೇಡ, ಡೇಟಾಬೇಸನ್ನೇ ಕೇಳಬಹುದು. ಎಸ್‌ಕ್ಯೂಲೈಟ್‌ನ ಕಮಾಂಡ್ ಲೈನ್ ತೆರೆದು ಮೊದಲು ‘.ಟೈಮರ್ ಆನ್’ ಕೊಡಿ. ಆಮೇಲೆ ನಿಮ್ಮ ಸೆಲೆಕ್ಟ್ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್’ ಅಂತ ಸೇರಿಸಿ ಓಡಿಸಿ. ಕ್ವೆರಿ ಓಡುವುದಿಲ್ಲ, ಓಡಿಸಿದರೆ ಯಾವ ದಾರಿ ಹಿಡಿಯುತ್ತದೆ ಅಂತ ಒಂದೆರಡು ಸಾಲಿನಲ್ಲಿ ಹೇಳುತ್ತದೆ. ನೀವು ನೋಡಬೇಕಾದ್ದು ಸಾಲಿನ ಮೊದಲ ಪದ. ‘ಸ್ಕ್ಯಾನ್’ ಅಂತಿದ್ದರೆ ಮೊದಲಿನಿಂದ ಕೊನೆಯವರೆಗೆ ಓದುತ್ತಿದೆ ಅಂತ. ‘ಸರ್ಚ್’ ಅಂತಿದ್ದರೆ ಇಂಡೆಕ್ಸ್ ಅಥವಾ ಪ್ರೈಮರಿ ಕೀ ಹಿಡಿದು ನೇರ ಹೋಗುತ್ತಿದೆ ಅಂತ. ಸಣ್ಣ ಟೇಬಲ್‌ಗೆ ಸ್ಕ್ಯಾನ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ 200 ಸಾಲಿನ ಸದಸ್ಯರ ಟೇಬಲ್ ಸ್ಕ್ಯಾನ್ ಆದರೆ ಏನೂ ನಷ್ಟವಿಲ್ಲ. ಹಾಲಿನ ಟೇಬಲ್ ಮುಂದೆ ಸ್ಕ್ಯಾನ್ ಬಂತಾ, ಅಲ್ಲೇ ರೋಗ ಸಿಕ್ಕಿತು.

ನಿಮ್ಮ ಕೋಡ್ ನೋಡಿದೆ. ಒಬ್ಬೊಬ್ಬ ಸದಸ್ಯರಿಗೂ ಒಂದು ಸೆಲೆಕ್ಟ್. ಒಳಗೆ ಸದಸ್ಯರ ನಂಬರ್, ಜೊತೆಗೆ ದಿನಾಂಕದ ತುಂಡು ಕತ್ತರಿಸಿ ತಿಂಗಳು, ವರ್ಷ ಹೋಲಿಸುವ ‘ಸಬ್‌ಸ್ಟ್ರಿಂಗ್’. ಹಾಲಿನ ಟೇಬಲ್‌ನಲ್ಲಿ ತಾನಾಗಿ ಏರುವ ಐಡಿ ಬಿಟ್ಟರೆ ಬೇರೆ ಇಂಡೆಕ್ಸೇ ಇಲ್ಲ. ಸದಸ್ಯರ ನಂಬರ್‌ಗೆ ಫಾರಿನ್ ಕೀ (ಈ ನಂಬರ್ ಸದಸ್ಯರ ಟೇಬಲ್‌ನಲ್ಲಿ ಇರಲೇಬೇಕು ಅನ್ನುವ ಕಟ್ಟಳೆ) ಹಾಕಿದ್ದೀರಿ ನಿಜ, ಆದರೆ ಫಾರಿನ್ ಕೀ ಹಾಕಿದ ಮಾತ್ರಕ್ಕೆ ಎಸ್‌ಕ್ಯೂಲೈಟ್ ಆ ಕಾಲಂಗೆ ಇಂಡೆಕ್ಸ್ ಮಾಡುವುದಿಲ್ಲ. ತುಂಬಾ ಜನ ಮಾಡುತ್ತದೆ ಅಂದುಕೊಂಡಿರುತ್ತಾರೆ. (ಅಂದ ಹಾಗೆ ಫಾರಿನ್ ಕೀ ತಪಾಸಣೆಯೂ ಸಾಮಾನ್ಯವಾಗಿ ಆಫ್ ಇರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ, ಅಂದರೆ ಎಸ್‌ಕ್ಯೂಲೈಟ್‌ಗೆ ಸೆಟ್ಟಿಂಗ್ ಹೇಳುವ ಆದೇಶ, ಕೊಟ್ಟು ಆನ್ ಮಾಡಿಕೊಳ್ಳಬೇಕು.)

ಈಗ ಲೆಕ್ಕ ಹಾಕಿ. 200 ಸೆಲೆಕ್ಟ್, ಪ್ರತಿಯೊಂದೂ 8.75 ಲಕ್ಷ ಸಾಲು ಓದುತ್ತದೆ. ಒಟ್ಟು 17.5 ಕೋಟಿ ಸಾಲು. ಆರು ವರ್ಷದ ದಪ್ಪ ರಿಜಿಸ್ಟರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ 200 ಸಲ ತಿರುವಿ ಹಾಕಿದ ಹಾಗೆ. ಅದನ್ನು ಮೂರು ನಿಮಿಷದಲ್ಲಿ ಮುಗಿಸ್ತಿದೆಯಲ್ಲ, ಅದಕ್ಕೆ ಶಹಬ್ಬಾಸ್ ಅನ್ನಬೇಕು!

ಸದಸ್ಯರ ನಂಬರ್ ಮೇಲೆ ಒಂದು ಇಂಡೆಕ್ಸ್ ಹಾಕಿದರೆ ಏನಾಗುತ್ತೆ? ಒಬ್ಬ ಸದಸ್ಯನ ಹೆಸರಲ್ಲಿ ಆರು ವರ್ಷಕ್ಕೆ 4,380 ಸಾಲು. 200 ಜನಕ್ಕೆ ಸೇರಿ 8.75 ಲಕ್ಷ. ಅಂದರೆ ಇಡೀ ಬಿಲ್ಲಿಗೆ ಟೇಬಲ್ ಒಂದೇ ಸಲ ಓದಿದಷ್ಟು ಕೆಲಸ. ಇಷ್ಟಕ್ಕೇ ಸೆಕೆಂಡ್‌ಗಳಿಗೆ ಇಳಿಯುತ್ತದೆ. ಆದರೆ ಇಲ್ಲಿಗೇ ನಿಲ್ಲಬೇಡಿ. ಸದಸ್ಯರ ನಂಬರ್, ದಿನಾಂಕ ಎರಡನ್ನೂ ಸೇರಿಸಿ, ಇದೇ ಕ್ರಮದಲ್ಲಿ, ಒಂದೇ ಇಂಡೆಕ್ಸ್ ಮಾಡಿ. ಆಗ ಒಬ್ಬರಿಗೆ ಹದಿನೈದು ದಿನದ 30 ಸಾಲು ಮಾತ್ರ, ಎಲ್ಲರಿಗೂ ಸೇರಿ 6,000. 17.5 ಕೋಟಿಯಿಂದ 6,000ಕ್ಕೆ!

ಕ್ರಮ ಯಾಕೆ ಮುಖ್ಯ ಅಂದರೆ, ಸಮ ಅನ್ನುವ ಚಿಹ್ನೆಯಿಂದ ಹೋಲಿಸುವ ಕಾಲಂ ಮುಂದೆ ಇರಬೇಕು, ಇಷ್ಟರಿಂದ ಇಷ್ಟು ಅನ್ನುವ ಕಾಲಂ ಹಿಂದೆ. ದಿನಾಂಕ ಮುಂದಿದ್ದರೆ ಆ ಹದಿನೈದು ದಿನದ ಎಲ್ಲರ ಸಾಲನ್ನೂ ದಾಟಿಕೊಂಡು ನಿಮ್ಮ ಒಬ್ಬ ಸದಸ್ಯನನ್ನು ಹುಡುಕಬೇಕಾಗುತ್ತದೆ.

ಆದರೆ ಈ ಇಂಡೆಕ್ಸ್ ಕೆಲಸ ಮಾಡಬೇಕಾದರೆ ನಿಮ್ಮ ದಿನಾಂಕ ಸರಿಯಾಗಬೇಕು. ನೀವು ‘05-06-2024’ ಅಂತ, ದಿನ ಮೊದಲು ಬರೆದು, ಟೆಕ್ಸ್ಟ್ ಆಗಿ ಇಟ್ಟಿದ್ದೀರಿ. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ. ಅದಕ್ಕೆ ಇದು ಬರೀ ಅಕ್ಷರದ ಸಾಲು. ಎಡದಿಂದ ಹೋಲಿಸಿದರೆ ಜೂನ್ 5 ಬರುವುದು ಜನವರಿ 31ಕ್ಕಿಂತ ಮೊದಲು! ಅದಕ್ಕೇ ನೀವು ಸಬ್‌ಸ್ಟ್ರಿಂಗ್ ಕತ್ತರಿಸೋಕೆ ಹೋಗಿದ್ದು. ಆದರೆ ಕಾಲಂ ಮೇಲೆ ಫಂಕ್ಷನ್ ಹಾಕಿದ ತಕ್ಷಣ ಆ ಕಾಲಂನ ಮಾಮೂಲಿ ಇಂಡೆಕ್ಸ್ ನಿರುಪಯೋಗಿ. ಇಂಡೆಕ್ಸ್‌ನಲ್ಲಿರುವುದು ಇಡೀ ದಿನಾಂಕ, ಕತ್ತರಿಸಿದ ತುಂಡಲ್ಲ.

ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: ‘2024-06-05’. ಹೀಗಿಟ್ಟರೆ ಅಕ್ಷರದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ. ‘2024-06-01’ರಿಂದ ‘2024-06-15’ರವರೆಗೆ ಅಂತ ನೇರವಾಗಿ ‘ಬಿಟ್ವೀನ್’ ಕೊಡಬಹುದು. ಹಳೆಯ ಸಾಲುಗಳನ್ನು ಬದಲಿಸೋಕೆ ಒಂದೇ ಅಪ್‌ಡೇಟ್ ಸಾಕು. ಏಳನೇ ಅಕ್ಷರದಿಂದ ನಾಲ್ಕು, ನಾಲ್ಕನೆಯದರಿಂದ ಎರಡು, ಒಂದನೆಯದರಿಂದ ಎರಡು ತೆಗೆದು ನಡುವೆ ಗೆರೆ ಹಾಕಿ ಜೋಡಿಸಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಎಂಟ್ರಿ ಮಾಡುವ ಕೋಡನ್ನೂ ಅದೇ ಹೊತ್ತಿಗೆ ಬದಲಿಸಿ. ಇಲ್ಲದಿದ್ದರೆ ಎರಡು ನಮೂನೆಯ ದಿನಾಂಕ ಬೆರೆತು ಇನ್ನೊಂದು ತಲೆನೋವು ಶುರುವಾಗುತ್ತದೆ. ಚೀಟಿಯ ಮೇಲೆ ದಿನ ಮೊದಲು ಬರಬೇಕು ಅಂದರೆ ಪ್ರಿಂಟ್ ಮಾಡುವಾಗ ತಿರುಗಿಸಿಕೊಳ್ಳಿ. ಆಮೇಲೆ ಇಂಡೆಕ್ಸ್ ಮಾಡಿ, ಪ್ಲಾನ್ ಮತ್ತೆ ಕೇಳಿ. ‘ಸರ್ಚ್ ... ಯೂಸಿಂಗ್ ಇಂಡೆಕ್ಸ್’ ಅಂತ ಬಂದು, ಆವರಣದೊಳಗೆ ನಿಮ್ಮ ಎರಡೂ ಕಾಲಂ ಹೆಸರು ಕಾಣಬೇಕು. ಬರೀ ಸದಸ್ಯರ ನಂಬರ್ ಕಂಡರೆ ದಿನಾಂಕದ ಷರತ್ತಿನಲ್ಲಿ ಎಲ್ಲೋ ಫಂಕ್ಷನ್ ಉಳಿದಿದೆ ಅಂತ ಅರ್ಥ.

‘200 ಸೆಲೆಕ್ಟ್ ಮಾಡಿದ್ದೇ ತಪ್ಪು, ಗ್ರೂಪ್ ಬೈ ಹಾಕಿ ಒಂದೇ ಕ್ವೆರಿ ಬರಿ’ ಅಂತ ನಿಮಗೆ ಯಾರಾದರೂ ಹೇಳೇ ಹೇಳ್ತಾರೆ. ನೆಟ್‌ವರ್ಕ್ ಆಚೆ ಇರುವ ಡೇಟಾಬೇಸ್‌ಗೆ ಆ ಮಾತು ಸರಿ. ಅಲ್ಲಿ ಪ್ರತಿ ಕ್ವೆರಿಗೂ ಹೋಗಿಬರುವ ಖರ್ಚಿದೆ. ಎಸ್‌ಕ್ಯೂಲೈಟ್ ನಿಮ್ಮ ಪ್ರೋಗ್ರಾಮ್ ಒಳಗೇ ಓಡುತ್ತದೆ. ಒಂದು ಕ್ವೆರಿ ಅಂದರೆ ಒಂದು ಫಂಕ್ಷನ್ ಕರೆದಷ್ಟೇ. ಸಣ್ಣ ಸಣ್ಣ ಕ್ವೆರಿ ಜಾಸ್ತಿ ಆದರೆ ಇಲ್ಲಿ ಭಯವಿಲ್ಲ. ಗ್ರೂಪ್ ಬೈ ಬರೆದರೂ ಆ ಹದಿನೈದು ದಿನದ 6,000 ಸಾಲು ಓದಲೇಬೇಕು, ಅದಕ್ಕೆ ದಿನಾಂಕ ಮುಂದಿರುವ ಬೇರೆ ಇಂಡೆಕ್ಸ್ ಬೇಕು. ನಿಮಗೆ ಯಾವುದು ಓದೋಕೆ ಸುಲಭವೋ ಅದನ್ನಿಟ್ಟುಕೊಳ್ಳಿ. ಆದರೂ ದಿನಾಂಕ, ಶಿಫ್ಟ್ ಸೇರಿಸಿ ಇನ್ನೊಂದು ಇಂಡೆಕ್ಸ್ ಇರಲಿ ಅನ್ನುತ್ತೇನೆ. ಇವತ್ತು ಬೆಳಿಗ್ಗೆ ಒಟ್ಟು ಎಷ್ಟು ಲೀಟರ್ ಅಂತ ಟ್ಯಾಂಕರ್ ಬರುವ ಮೊದಲು ನೋಡಬೇಕಲ್ವಾ. ಇಂಡೆಕ್ಸ್ ಜಾಸ್ತಿ ಆದಷ್ಟೂ ಬರೆಯುವ ಕೆಲಸ ಹೆಚ್ಚುತ್ತದೆ ನಿಜ, ಆದರೆ ದಿನಕ್ಕೆ 400 ಎಂಟ್ರಿಗೆ ಅದು ಗೊತ್ತೇ ಆಗುವುದಿಲ್ಲ.

ಕಮಾಂಡ್ ಲೈನ್‌ನಲ್ಲಿ ‘.ಎಕ್ಸ್‌ಪರ್ಟ್’ ಅಂತಲೂ ಒಂದಿದೆ. ಅದನ್ನು ಕೊಟ್ಟು ನಿಮ್ಮ ಕ್ವೆರಿ ಬರೆದರೆ ಯಾವ ಇಂಡೆಕ್ಸ್ ಬೇಕು ಅಂತ ಸಲಹೆ ಕೊಡುತ್ತದೆ. ಕೇಳಿ ನೋಡಿ, ಆದರೆ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಹಾಕಬೇಡಿ. ಇಂಡೆಕ್ಸ್ ಹಾಕಿದ ಮೇಲೆ ಒಂದು ಸಲ ‘ಅನಲೈಜ್’ ಓಡಿಸಿ, ಯಾವ ಇಂಡೆಕ್ಸ್ ಬಳಸಬೇಕು ಅಂತ ಆರಿಸಲು ಬೇಕಾದ ಅಂಕಿಅಂಶವನ್ನು ಅದು ಕೂಡಿಡುತ್ತದೆ. ಮುಂದೆ ಪ್ರೋಗ್ರಾಮ್ ಮುಚ್ಚುವಾಗ ‘ಪ್ರಾಗ್ಮಾ ಆಪ್ಟಿಮೈಜ್’ ಕೊಟ್ಟರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಲಾಕ್ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಕಾರಣ ಬೇರೆ, ಅದೂ ನಿಮ್ಮ ಕೋಡ್‌ನಲ್ಲೇ ಇದೆ. ಲೂಪ್ ಒಳಗೆ ನೋಡಿ: ಮೊತ್ತ ತೆಗೆದು, ಬಿಲ್ಲಿನ ಟೇಬಲ್‌ಗೆ ಇನ್ಸರ್ಟ್ ಮಾಡಿ, ಚೀಟಿ ಪ್ರಿಂಟ್ ಮಾಡಿ, ಮುಂದಿನ ಸದಸ್ಯನಿಗೆ ಹೋಗ್ತೀರಿ. ಕಮಿಟ್, ಅಂದರೆ ಬರೆದದ್ದನ್ನು ಖಾಯಂ ಮಾಡುವ ಆದೇಶ, ಇರುವುದು ಲೂಪ್ ಮುಗಿದ ಮೇಲೆ. ಮೊದಲ ಇನ್ಸರ್ಟ್ ಬಂದ ಕೂಡಲೇ ಪೈಥಾನ್ ತಾನೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನುವ ಬದಲಾವಣೆಗಳ ಗುಂಪು) ಶುರು ಮಾಡುತ್ತದೆ. ಕಮಿಟ್ ಆಗುವ ತನಕ ಬರೆಯುವ ಹಕ್ಕು ಆ ಪ್ರೋಗ್ರಾಮ್ ಕೈಯಲ್ಲೇ ಇರುತ್ತದೆ. ಅಂದರೆ 200ನೇ ಚೀಟಿ ಪ್ರಿಂಟರ್‌ನಿಂದ ಹೊರಬರುವವರೆಗೆ ಕೌಂಟರ್‌ನಲ್ಲಿ ಒಂದು ಲೀಟರ್ ಹಾಲೂ ಎಂಟ್ರಿ ಆಗುವ ಹಾಗಿಲ್ಲ. ಮಧ್ಯೆ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೆ ಕೇಳೋದೇ ಬೇಡ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ.

‘ಸ್ವಲ್ಪ ಹೊತ್ತು ಸುಮ್ಮನಿದ್ದು’ ಎರರ್ ಬರುತ್ತೆ ಅಂದಿರಲ್ಲ, ಗಡಿಯಾರ ಹಿಡಿದು ನೋಡಿ, ಐದು ಸೆಕೆಂಡ್ ಇರಬೇಕು. ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನ್ ಲಾಕ್‌ಗಾಗಿ ತಾನಾಗಿ ಕಾಯುವುದು ಅಷ್ಟೇ. ಅದನ್ನು 15, 20 ಸೆಕೆಂಡಿಗೆ ಏರಿಸಬಹುದು, ಏರಿಸಿ. ಆದರೆ ನಿಜವಾದ ಔಷಧ ಬೇರೆ. ಎಲ್ಲರ ಮೊತ್ತ ಮೊದಲು ತೆಗೆದಿಟ್ಟುಕೊಳ್ಳಿ. 200 ಇನ್ಸರ್ಟ್ ಒಟ್ಟಿಗೆ ಹಾಕಿ ಕಮಿಟ್ ಮಾಡಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಪ್ರಿಂಟಿಂಗ್ ಆಮೇಲೆ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಪ್ರಿಂಟರ್, ಎಸ್‌ಎಂಎಸ್, ‘ಓಕೆ ಒತ್ತಿ’ ಅನ್ನುವ ಪೆಟ್ಟಿಗೆ, ಇವುಗಳಿಗೆ ಯಾವತ್ತೂ ಕಾಯಬಾರದು. ಹಾಗಂತ ಒಂದೊಂದು ಇನ್ಸರ್ಟ್‌ಗೂ ಕಮಿಟ್ ಮಾಡೋಕೆ ಹೋಗಬೇಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಕಮಿಟ್ ಆದರೆ ಹೆಚ್ಚು, ಅದೇ ಒಂದೇ ಟ್ರಾನ್ಸಾಕ್ಷನ್ ಒಳಗೆ ಸಾವಿರಾರು ಇನ್ಸರ್ಟ್ ಸಲೀಸಾಗಿ ಹೋಗುತ್ತವೆ.

ಮುಂದೆ ಎಂದಾದರೂ ಐದು ಸೆಕೆಂಡ್ ಕಾಯದೆ ತಕ್ಷಣವೇ ಲಾಕ್ ಎರರ್ ಬಂದರೆ ಅದು ಬೇರೆ ಕಥೆ. ಒಂದು ಟ್ರಾನ್ಸಾಕ್ಷನ್ ಓದುವುದರಿಂದ ಶುರುವಾಗಿ ಮಧ್ಯದಲ್ಲಿ ಬರೆಯೋಕೆ ಹೊರಡುತ್ತದೆ. ಉದಾಹರಣೆಗೆ ಸದಸ್ಯನ ಬಾಕಿ ಓದಿ, ಪಶು ಆಹಾರದ ಹಣ ಕಳೆದು, ವಾಪಸ್ ಬರೆಯೋದು. ಇಬ್ಬರೂ ಹೀಗೆ ಮಾಡಿ ಒಬ್ಬರಿಗೊಬ್ಬರು ಅಡ್ಡ ನಿಂತರೆ ಎಷ್ಟು ಕಾದರೂ ಪ್ರಯೋಜನವಿಲ್ಲ ಅಂತ ಎಸ್‌ಕ್ಯೂಲೈಟ್‌ಗೆ ಗೊತ್ತು. ಹಾಗಾಗಿ ಒಬ್ಬರನ್ನು ಆಗಲೇ ವಾಪಸ್ ಕಳಿಸುತ್ತದೆ. ಬರೆಯುವ ಉದ್ದೇಶ ಇದ್ದರೆ ಶುರುವಿನಲ್ಲೇ ‘ಬಿಗಿನ್ ಇಮ್ಮೀಡಿಯೆಟ್’ ಅಂತ ಹೇಳಿಬಿಡಿ.

ಈಗ ಲ್ಯಾಪ್‌ಟಾಪ್. ಶೇರ್ ಮಾಡಿದ ಫೋಲ್ಡರ್‌ನಿಂದ ಡೇಟಾಬೇಸ್ ಫೈಲ್ ತೆರೆಯುವುದನ್ನು ಇವತ್ತೇ ನಿಲ್ಲಿಸಿ. ನಿಧಾನಕ್ಕೆ ಕಾರಣ ಸುಲಭ: ಸ್ಕ್ಯಾನ್ ಮಾಡುವ ಪ್ರತಿ ಪುಟವೂ ನೆಟ್‌ವರ್ಕ್ ಮೇಲೆ ಬರಬೇಕು. ಇಂಡೆಕ್ಸ್ ಹಾಕಿದರೆ ಆ ನಿಧಾನ ಕಡಿಮೆಯಾಗುತ್ತದೆ, ಆದರೆ ಅಪಾಯ ಹಾಗೇ ಉಳಿಯುತ್ತದೆ. ಎರಡು ಕಂಪ್ಯೂಟರ್ ಒಟ್ಟಿಗೆ ಬರೆಯದಂತೆ ತಡೆಯುವುದು ಫೈಲ್ ಲಾಕ್. ನೆಟ್‌ವರ್ಕ್ ಶೇರ್‌ಗಳಲ್ಲಿ ಆ ಲಾಕ್ ಎಲ್ಲ ಸಲವೂ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಭರವಸೆ ಇಲ್ಲ. ತಪ್ಪಿದ ದಿನ ಫೈಲ್ ಕೆಡುತ್ತದೆ. ಕೌಂಟರ್ ಕಂಪ್ಯೂಟರ್‌ನಲ್ಲೇ ಫ್ಲಾಸ್ಕ್‌ನಲ್ಲಿ (ವೆಬ್ ಪುಟ ಮಾಡಲು ಇರುವ ಪೈಥಾನ್ ಲೈಬ್ರರಿ) ಒಂದು ಪುಟ್ಟ ವೆಬ್ ಪ್ರೋಗ್ರಾಮ್ ಓಡಿಸಿ. ಕಾರ್ಯದರ್ಶಿಯವರು ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ತೆರೆದು ಬಿಲ್ಲು ನೋಡಲಿ. ಫೈಲ್ ಮುಟ್ಟುವುದು ಒಂದೇ ಯಂತ್ರ ಆಗುತ್ತದೆ. ಪೈಥಾನ್ ಗೊತ್ತಿರುವ ನಿಮಗೆ ಇದು ದೊಡ್ಡ ಕೆಲಸವಲ್ಲ.

ಅದಾದ ಮೇಲೆ, ಅದಕ್ಕಿಂತ ಮೊದಲಲ್ಲ, ಜರ್ನಲ್ ಮೋಡ್ ಅನ್ನು ‘ವಾಲ್’ಗೆ (ರೈಟ್ ಅಹೆಡ್ ಲಾಗ್) ಬದಲಿಸಿ. 2010ರಲ್ಲಿ ಬಂದ 3.7.0 ಆವೃತ್ತಿಯಿಂದ ಇದು ಇದೆ. ಹೊಸ ಬದಲಾವಣೆಗಳು ಪಕ್ಕದ ಇನ್ನೊಂದು ಫೈಲ್‌ಗೆ ಹೋಗುತ್ತವೆ, ಹಾಗಾಗಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಬರೆಯುವವರು ಮಾತ್ರ ಆಗಲೂ ಒಬ್ಬರೇ. ಇದನ್ನು ಒಂದು ಸಲ ಹೇಳಿದರೆ ಸಾಕು, ಫೈಲ್‌ನಲ್ಲೇ ಉಳಿಯುತ್ತದೆ. ನೆಟ್‌ವರ್ಕ್ ಶೇರ್ ಮೇಲೆ ವಾಲ್ ನಡೆಯುವುದೇ ಇಲ್ಲ. ಬಳಸುವ ಪ್ರೋಗ್ರಾಮ್‌ಗಳೆಲ್ಲ ಒಂದೇ ಕಂಪ್ಯೂಟರ್‌ನ ಮೆಮೊರಿ ಹಂಚಿಕೊಳ್ಳಬೇಕು.

ವ್ಯಾಕ್ಯೂಮ್ ಬಗ್ಗೆ ಹೆಚ್ಚು ಹೇಳೋದಿಲ್ಲ. ತುಂಬಾ ಅಳಿಸಿದ್ದರೆ ಫೈಲ್ ಸಣ್ಣದಾಗುತ್ತದೆ. ನೀವು ಏನೂ ಅಳಿಸಿಲ್ಲ. ಬಿಡಿ.

ಹೆಸರು ಸಿಗದಿರುವ ವಿಷಯ ಮಾತ್ರ ಸ್ವಾರಸ್ಯದ್ದು, ಯಾಕೆಂದರೆ ಇದು ಕನ್ನಡದಲ್ಲಿ ಡೇಟಾ ಇಡುವ ಯಾರಿಗೂ ಬರಬಹುದಾದ ತೊಂದರೆ. ಹಳೆಯ ಸದಸ್ಯರ ಪಟ್ಟಿ ‘ನುಡಿ’ ತಂತ್ರಾಂಶದಿಂದ ಯೂನಿಕೋಡ್‌ಗೆ ಪರಿವರ್ತನೆ ಆಗಿ ಬಂದದ್ದು ಅಂತ ನಿಮ್ಮ ಕೋಡ್‌ನ ಟಿಪ್ಪಣಿಯಲ್ಲಿದೆ. ನನ್ನ ಅನುಮಾನ ಅಲ್ಲೇ. ‘ಗೋಪಾಲಪ್ಪ’ದ ‘ಗೋ’ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಇದನ್ನು ಗ ಮತ್ತು ಓತ್ವದ ಚಿಹ್ನೆ ಸೇರಿಸಿ ಎರಡು ಕೋಡ್‌ನಲ್ಲಿ ಬರೆಯಬಹುದು. ಗ, ಒತ್ವ, ಆಮೇಲೆ ಬೇರೆಯಾಗಿ ದೀರ್ಘದ ಚಿಹ್ನೆ ಅಂತ ಮೂರರಲ್ಲೂ ಬರೆಯಬಹುದು. ಒತ್ವವನ್ನೂ ಒಡೆದರೆ ನಾಲ್ಕು. ಪರದೆ ಮೇಲೆ ಎಲ್ಲವೂ ಒಂದೇ ‘ಗೋ’. ಎಸ್‌ಕ್ಯೂಲೈಟ್ ಹೋಲಿಸುವುದು ಬೈಟ್‌ಗಳನ್ನು, ಆಕಾರವನ್ನಲ್ಲ. ಅದಕ್ಕೆ ಇವು ಬೇರೆ ಬೇರೆ ಹೆಸರು.

ಪರೀಕ್ಷೆ ಮಾಡೋದು ಹೀಗೆ. ಸಿಗದ ಹೆಸರಿನ ಸಾಲನ್ನು ಸದಸ್ಯರ ನಂಬರ್‌ನಿಂದ ತೆಗೆಯಿರಿ, ಅದರ ‘ಲೆಂಥ್’ ನೋಡಿ. ಅದೇ ಹೆಸರನ್ನು ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ ಅದರ ಲೆಂಥ್ ನೋಡಿ. ಸಂಖ್ಯೆ ಬೇರೆ ಬಂದರೆ ಕಳ್ಳ ಸಿಕ್ಕಿದ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ‘ನಾರ್ಮಲೈಜ್’ ಇದೆ. ‘ಎನ್‌ಎಫ್‌ಸಿ’ ರೂಪ ಕೇಳಿದರೆ ಈ ಮೂರನ್ನೂ ಎರಡು ಕೋಡ್‌ನ ರೂಪಕ್ಕೆ ತರುತ್ತದೆ. ಹಳೆಯ ಹೆಸರುಗಳನ್ನೆಲ್ಲ ಒಂದು ಸಲ ಹೀಗೆ ಸರಿಮಾಡಿ. ಮುಂದೆ ಉಳಿಸುವಾಗಲೂ ಹುಡುಕುವಾಗಲೂ ಇದೇ ಫಂಕ್ಷನ್ ದಾಟಿಸಿ. ಇನ್ನೊಂದು ಕಾಣದ ಗಿರಾಕಿ ಇದೆ, ‘ರಾಜ್‌ಕುಮಾರ್’ ಬರೆಯುವಾಗ ಜ್ ಆದಮೇಲೆ ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಅಕ್ಷರ. ನಾರ್ಮಲೈಜ್ ಅದನ್ನು ತೆಗೆಯುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದು ಇರಲೇಬೇಕು, ಹಾಗಾಗಿ ಹುಡುಕಲೆಂದೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ತೆಗೆದುಹಾಕಿ. 200 ಹೆಸರಿಗೆ ‘ಲೈಕ್’ ಸಾಕು, ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿದರೂ ನಡೆಯುತ್ತದೆ.

ಮುಂದೆ ಎಂದಾದರೂ ಕನ್ನಡದ ಲೇಖನಗಳಲ್ಲಿ ಹುಡುಕಲು ‘ಎಫ್‌ಟಿಎಸ್5’ (ಪಠ್ಯದೊಳಗೆ ಪದ ಹುಡುಕಲು ಎಸ್‌ಕ್ಯೂಲೈಟ್‌ನಲ್ಲಿರುವ ಸೌಲಭ್ಯ) ಬಳಸಿದರೆ ಇದನ್ನು ನೆನಪಿಡಿ. ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಮಾಮೂಲಿ ಟೋಕನೈಜರ್ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಅನ್ನುತ್ತದೆ. ನಮ್ಮ ಗುಣಿತದ ಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ ಯೂನಿಕೋಡ್‌ನಲ್ಲಿ ಬೇರೆ ವರ್ಗ. ಹಾಗಾಗಿ ‘ಹಾಲು’ ಅನ್ನುವುದು ಬರೀ ‘ಹ’, ‘ಲ’ ಆಗಿ ಒಡೆದುಹೋಗುತ್ತದೆ. ಟೇಬಲ್ ಮಾಡುವಾಗಲೇ ಕ್ಯಾಟಗರಿ ಪಟ್ಟಿಗೆ ಈ ಚಿಹ್ನೆಗಳ ವರ್ಗಗಳಾದ ‘ಎಂಎನ್’, ‘ಎಂಸಿ’ ಎರಡನ್ನೂ ಸೇರಿಸಬೇಕು.

ಕೊನೆಯದಾಗಿ ನೀವು ಕೇಳದೇ ಇರುವುದು. ದಿನಾ ಸಂಜೆ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವ ಕೋಡ್ ಕಂಡೆ. ಪ್ರೋಗ್ರಾಮ್ ಬರೆಯುತ್ತಿರುವಾಗ ಹಾಗೆ ಕಾಪಿ ಮಾಡಿದರೆ ಅರ್ಧಂಬರ್ಧ ಪ್ರತಿ ಸಿಗಬಹುದು. ವಾಲ್ ಹಾಕಿದ ಮೇಲಂತೂ ಕೊನೆಯ ಎಂಟ್ರಿಗಳು ಇನ್ನೊಂದು ಫೈಲ್‌ನಲ್ಲೇ ಉಳಿದಿರಬಹುದು. ಪೈಥಾನ್ ಕನೆಕ್ಷನ್‌ಗೇ ‘ಬ್ಯಾಕಪ್’ ಅನ್ನುವ ಮೆಥಡ್ ಇದೆ, ಇಲ್ಲವೇ ‘ವ್ಯಾಕ್ಯೂಮ್ ಇಂಟು’ ಬಳಸಿ. ಎರಡೂ ಕೌಂಟರ್ ನಿಲ್ಲಿಸದೆ ಪೂರ್ತಿ ಪ್ರತಿ ಕೊಡುತ್ತವೆ. ದಿನಾಂಕ ಬದಲಿಸುವ ಅಪ್‌ಡೇಟ್‌ಗೆ ಕೈ ಹಾಕುವ ಮೊದಲು ಈಗಿರುವ ಫೈಲ್ ಮೇಲೂ, ಪೆನ್‌ಡ್ರೈವ್‌ನ ಇತ್ತೀಚಿನ ಪ್ರತಿಯ ಮೇಲೂ ‘ಪ್ರಾಗ್ಮಾ ಇಂಟೆಗ್ರಿಟಿ ಚೆಕ್’ ಓಡಿಸಿ. ಎರಡಕ್ಕೂ ‘ಓಕೆ’ ಅಂತ ಬಂದರೆ ಮುಂದುವರಿಯಿರಿ. ಬೇರೇನಾದರೂ ಬಂದರೆ ಅಪ್‌ಡೇಟ್ ಮಾಡದೆ, ಬಂದ ಸಾಲುಗಳನ್ನು ಹಾಗೇ ಕಳಿಸಿ.